ಬೀದಿಬಾಗಿಲ ಬಚ್ಚಲು

ಮುನಿಯಕ್ಕನಿಗೆ ಈ ಭೂಮಿಯ ಮೇಲೆ ಬೇಕಾಗಿದ್ದುದು ಒಂದೇ ಒಂದು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಚ್ಚಲುಮನೆ. ಒಡವೆ ಬೇಡ, ರೇಷ್ಮೆ ಸೀರೆ ಬೇಡ, ತಿರುಪತಿಗೆ ಹೋಗಿಬರುವ ಆಸೆಯೂ ಅಷ್ಟಕ್ಕಷ್ಟೇ. ಹಗಲು ಹೊತ್ತಿನಲ್ಲಿ, ಬಾಗಿಲು ಭದ್ರ ಮಾಡಿಕೊಂಡು, ಯಾರು ಬಂದರು ಯಾರು ಹೋದರು ಎಂಬ ದಿಗಿಲಿಲ್ಲದೆ ಮೈಮೇಲೆ ಬಿಸಿನೀರು ಸುರಿದುಕೊಳ್ಳಬೇಕು, ಇಷ್ಟೇ. ಇಷ್ಟು ಸಣ್ಣ ಆಸೆಯನ್ನು ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದಳೆಂದರೆ ಅವಳಿಗೆ ಬಾಯಿ ಇರಲಿಲ್ಲವೆಂದಲ್ಲ. ಬಾಯಿ ಬೇಕಾದಷ್ಟಿತ್ತು. ಕೇಳುವ ಕಿವಿ ಆ ಮನೆಯಲ್ಲಿರಲಿಲ್ಲ.

ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇತ್ತು. ಅವಳ ಗಂಡ ಬೋರಯ್ಯ ಗಾರೆ ಮೇಸ್ತ್ರಿ. ಅವಳು ಅವನ ಹಿಂದೆ ಗಾರೆಯ ಬಾಂಡ್ಲಿ ಹೊರುವ ಆಳು. ಬೆಂಗಳೂರಲ್ಲಿ ಜಯನಗರದ ಬ್ಲಾಕುಗಳು ಒಂದೊಂದಾಗಿ ಏಳುವಾಗ, ಆಮೇಲೆ ಜೆ.ಪಿ. ನಗರದ ಸೈಟುಗಳಲ್ಲಿ ಪಾಯ ತೆಗೆಯುವಾಗ, ಕಲಸಿದ ಗಾರೆಯನ್ನು ತಲೆಯ ಸಿಂಬಿಯ ಮೇಲಿಟ್ಟುಕೊಂಡು ಏಣಿ ಹತ್ತಿದವಳು ಅವಳು. ಹಸಿರು ಟೈಲ್ಸಿನ ಬಚ್ಚಲು, ನೀಲಿ ಟೈಲ್ಸಿನ ಬಚ್ಚಲು, ತಾಮ್ರದ ಹಂಡೆ ಕೂರಿಸಿದ ಬಚ್ಚಲು, ಗೋಡೆಗೆ ಬಿಸಿನೀರಿನ ಬಾಯ್ಲರ್ ತಗುಲಿಸಿದ ಬಚ್ಚಲು, ಎಲ್ಲಕ್ಕೂ ಅವಳೇ ಇಟ್ಟಿಗೆ ಹೊತ್ತಿದ್ದಳು. ಸಾಯಂಕಾಲ ಸಾರಕ್ಕಿಯ ತನ್ನ ಮನೆಗೆ ಬಂದರೆ ಅವಳಿಗಿದ್ದದ್ದು ಹಿತ್ತಲಲ್ಲಿ ಒಂದು ಚಪ್ಪಡಿಕಲ್ಲು, ಅದರ ಮುಂದೆ ಹಗ್ಗಕ್ಕೆ ನೇತುಹಾಕಿದ ಒಂದು ಗೋಣಿತಾಟು. ಹಿತ್ತಲ ಒಂದು ಬದಿಗೆ ಅಂಟಿಕೊಂಡೇ ಕೆರೆಗೆ ಹೋಗುವ ಕಾಲುದಾರಿ. ಗಾಳಿ ಬಂದರೆ ತಾಟು ಒಂದು ಕಡೆ, ಮಾನ ಇನ್ನೊಂದು ಕಡೆ. ಆದ್ದರಿಂದ ಕೋಳಿ ಕೂಗುವ ಮೊದಲೇ ಎದ್ದು, ಕಣ್ಣು ಕಾಣದ ಕತ್ತಲಲ್ಲಿ ಎರಡು ಚೊಂಬು ಸುರಿದುಕೊಂಡು ಒಳಗೆ ಓಡಿಬರುವುದು ವಾಡಿಕೆಯಾಗಿತ್ತು. ಮೈಗೆ ಹತ್ತಿದ ಸಿಮೆಂಟು ರಾತ್ರಿಯಿಡೀ ಒಣಗಿ ತುರಿಸುತ್ತಿತ್ತು. ತುರಿಸಿಕೊಂಡೇ ಮಲಗುತ್ತಿದ್ದಳು.

ಎಂಬತ್ತೆರಡನೇ ಇಸವಿಯ ಆಷಾಢದಲ್ಲಿ ಒಂದು ವಾರ ಬಿಡದೆ ಸುರಿದ ಮಳೆಗೆ ಮನೆಯ ಮುಂದಿನ ಮಣ್ಣಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ಬೀದಿಗೆ ಮಗುಚಿಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟಾದದ್ದು ಬೋರಯ್ಯನ ಮಾನಕ್ಕೆ. ಊರವರ ಮನೆಯನ್ನೆಲ್ಲ ಕಟ್ಟುವ ಮೇಸ್ತ್ರಿಯ ಮನೆಗೋಡೆ ಬಿತ್ತಲ್ಲ ಎಂದು ಸಾರಕ್ಕಿಯ ಎರಡು ಬೀದಿಯೂ ನಕ್ಕವು. ಟೀ ಅಂಗಡಿಯ ಮುಂದೆ ಹಾದುಹೋಗುವಾಗ ಅವನು ನಾಲ್ಕು ದಿನ ತಲೆ ಎತ್ತಲಿಲ್ಲ. ಮುನಿಯಕ್ಕ ಮಾತ್ರ ಬಿದ್ದ ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, ಇನ್ನು ಹೊಸದಾಗಿ ಕಟ್ಟಲೇಬೇಕಲ್ಲ ಎಂದು ಒಳಗೊಳಗೇ ಹಿಗ್ಗಿದಳು.

ಆಷಾಢದಲ್ಲಿ ಯಾರೂ ಹೊಸ ಕೆಲಸಕ್ಕೆ ಗುದ್ದಲಿ ಹಾಕುವುದಿಲ್ಲ. ಶ್ರಾವಣದವರೆಗೆ ಮನೆಯ ಮುಂದೆ ತಾಡಪಾಲು ಕಟ್ಟಿಕೊಂಡು ಯೋಚನೆ ಮಾಡುವುದೊಂದೇ ಕೆಲಸ. ಬೋರಯ್ಯ ಯೋಚನೆ ಮಾಡಿದ. ಆದರೆ ಅವನ ಯೋಚನೆಗೆ ಎರಡು ಕಂಬ ಬಂದು ಸೇರಿಕೊಂಡವು, ಅಲ್ಲಿಂದ ಎಲ್ಲ ಕೆಟ್ಟಿತು.

ಆಗ ಅವನ ಕೆಲಸ ನಡೆಯುತ್ತಿದ್ದುದು ಜಯನಗರದ ಚಕ್ರಪಾಣಿ ಎಂಬುವರ ಮನೆಯಲ್ಲಿ. ಬ್ಯಾಂಕಿನಿಂದ ರಿಟೈರಾದ ಚಕ್ರಪಾಣಿ ಹಳೆಯ ಮನೆಗೆ ಮಹಡಿ ಏರಿಸುತ್ತಿದ್ದರು. ಮುಂದಿನ ಹಳೆಯ ಪೋರ್ಟಿಕೋ ಕಿತ್ತು ಕಾರಿಗೆ ಜಾಗ ಮಾಡಿಸಿದಾಗ ಅದರ ಎರಡು ತೇಗದ ಕಂಬಗಳು ಬೇಡವಾದವು. "ನೀನೇ ತಗೊಂಡ್ಹೋಗಪ್ಪ ಬೋರಯ್ಯ, ಸುಮ್ನೆ ಗೆದ್ದಲು ಹಿಡಿಯುತ್ತೆ" ಎಂದರು. ಬೋರಯ್ಯ ಅವನ್ನು ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು, ತಾನು ಪಕ್ಕದಲ್ಲಿ ನಡೆದುಕೊಂಡು, ಹೆಣ್ಣು ಕರೆತರುವ ಗಂಡಿನ ಮುಖ ಮಾಡಿಕೊಂಡು ಊರೊಳಗೆ ಬಂದ. ಮನೆಯೆದುರು ಬೀದಿಯ ಬೇವಿನ ಮರಕ್ಕೆ ಒರಗಿಸಿ, ಹರಳೆಣ್ಣೆ ಉಜ್ಜಿ, ಹೆಂಡತಿಯನ್ನು ಕರೆದ.

"ನೋಡಮ್ಮಿ. ಇವು ಬಾಗ್ಲ ಮುಂದೆ ನಿಂತ್ರೆ ಎಂಗಿರ್ತದೆ? ಪೋರ್ಟಿಕ ಮಾಡ್ತೀನಿ. ಸಾರಕ್ಕೀಲಿ ಯಾವನ ಮನೆಗೂ ಇಲ್ಲ. ಗೋಡೆ ಬಿತ್ತು ಅಂತ ನಕ್ಕೋರೆಲ್ಲ ಬಂದು ಅದ್ರ ಕೆಳಗೇ ಕೂತ್ಕಂಡು ಕಾಪಿ ಕುಡೀಬೇಕು."

ಮುನಿಯಕ್ಕ ಕಂಬ ನೋಡಿದಳು, ಗಂಡನ ಮುಖ ನೋಡಿದಳು. ಅವನು ಅವಳ ಸೋದರಮಾವ. ಹದಿನಾರನೇ ವಯಸ್ಸಿಗೆ ಕಟ್ಟಿಕೊಂಡಂದಿನಿಂದಲೂ ಮಾವ ಎಂದೇ ಕರೆಯುವುದು.

"ಕಂಬ ಚೆಂದಾಗವೆ ಮಾವ. ಆದ್ರೆ ಮುಂದಿರೋದು ಹತ್ತಡಿ ಜಾಗ. ಅಲ್ಲೊಂದು ಬಚ್ಚಲು ಮಾಡನ. ಮಂಗಮ್ಮ ಕಾರ್ತೀಕದಲ್ಲಿ ಬಾಣಂತನಕ್ಕೆ ಬತ್ತಾಳೆ. ಹಸಿ ಬಾಣಂತೀನ ಆ ಗೋಣಿತಾಟಿನ ಹಿಂದೆ ಕೂರ್ಸಿ ನೀರು ಹಾಕಕ್ಕಾಯ್ತದಾ?"

ಮಂಗಮ್ಮ ಅವರ ಒಬ್ಬಳೇ ಮಗಳು. ಬೇಗೂರಿಗೆ ಕೊಟ್ಟಿತ್ತು. ಮಗಳ ಬಾಣಂತನ ನಿಜವೇ, ಆದರೆ ಅದು ನೆಪ. ತನಗೆ ಬೇಕು ಎಂದು ಕೇಳಲು ಮುನಿಯಕ್ಕನಿಗೆ ನಾಲಿಗೆ ಬರುತ್ತಿರಲಿಲ್ಲ. ಬೇರೆಯವರ ಹೆಸರು ಮುಂದಿಟ್ಟು ಕೇಳುವುದೇ ಅವಳಿಗೆ ರೂಢಿ.

ಬೋರಯ್ಯ ಬಾಯಿ ಬಿಡುವ ಮೊದಲೇ ಒಳಗಿನಿಂದ ಯಲ್ಲಮ್ಮನ ದನಿ ಬಂತು. ಯಲ್ಲಮ್ಮ ಬೋರಯ್ಯನ ತಾಯಿ. ಹಾಗಾಗಿ ಮುನಿಯಕ್ಕನಿಗೆ ಅತ್ತೆಯೂ ಹೌದು, ಅಜ್ಜಿಯೂ ಹೌದು. ಎರಡು ಕಡೆಯ ಅಧಿಕಾರವನ್ನೂ ಸರಿಯಾಗಿ ಚಲಾಯಿಸುತ್ತಿದ್ದ ಮುದುಕಿ. "ಬೀದಿಬಾಗ್ಲಲ್ಲಿ ಬಚ್ಚಲಾ? ಲಕ್ಷ್ಮಿ ಬರೋ ಜಾಗ್ದಲ್ಲಿ ಕೊಳೆನೀರು ಬುಡ್ತೀಯಾ? ನಿಂಗೇನ್ ಬಂದೈತೆ ರೋಗ?"

"ಹಿಂದೆ ಮಾಡ್ಕೊಡ್ತೀನಿ ಬುಡು" ಎಂದ ಬೋರಯ್ಯ, ದೊಡ್ಡ ಮನಸ್ಸು ಮಾಡಿದವನಂತೆ. "ಹಿತ್ತಲಲ್ಲಿ. ನಾಕು ಕಲ್ಲು ನಿಲ್ಸಿದ್ರೆ ಆಯ್ತು."

"ಹಿತ್ತಲಲ್ಲಿ ಹಾಕಿದ್ ನೀರು ಎಲ್ಲಿಗ್ ಹೋಯ್ತದೆ ಮಾವ? ಮೋರಿ ಇರೋದು ಮುಂದೆ ಬೀದೀಲಿ. ಹಿತ್ತಲು ತಗ್ಗು. ನೀರೆಲ್ಲ ಹಿಂದ್ಲ ಮನೆ ಕೆಂಪಕ್ಕನ ಗೋಡೆ ಬುಡಕ್ಕೆ ಹೋಗಿ ನಿಲ್ತದೆ. ಅದೂ ಮಣ್ ಗೋಡೇನೇ."

"ಬಾಂಡ್ಲಿ ಹೊರೋಳು ನೀನು. ವಾಟ ನಂಗೆ ಹೇಳ್ಕೊಡ್ತೀಯಾ?"

ವಾಟವೆಂದರೆ ನೆಲಕ್ಕೆ ಕೊಡುವ ಇಳಿಜಾರು, ನೀರು ಹರಿದುಹೋಗುವ ದಾರಿ. ಮೇಸ್ತ್ರಿಗಳು ಈ ಮಾತನ್ನು ಮಂತ್ರ ಹೇಳುವವರ ಹಾಗೆ ಹೇಳುತ್ತಾರೆ, ಹೆಂಗಸರ ಬಾಯಲ್ಲಿ ಅದು ಬರಬಾರದು ಎಂಬ ಹಾಗೆ. ಆದರೆ ಒಂದು ವಿಷಯ ಯಾವ ಮೇಸ್ತ್ರಿಗೂ ಹೊಳೆದಿರಲಿಲ್ಲ. ಗೋಡೆ ಕಟ್ಟಿದ ಮೇಲೆ, ತಾರಸಿ ಹಾಕಿದ ಮೇಲೆ, ದಿನಾ ಎರಡು ಹೊತ್ತು ನೀರುಣಿಸಬೇಕು. ಅದಕ್ಕೆ ಕ್ಯೂರಿಂಗ್ ಎಂದು ಹೆಸರು. ಆ ಕೆಲಸ ಗಂಡಸರದ್ದಲ್ಲ. ಗಾರೆ ಮೆತ್ತುವ ಕರಣೆ ಹಿಡಿದ ಕೈಗೆ ಬಿಂದಿಗೆ ಹಿಡಿಯಲು ಅವಮಾನ. ಅವರು ಬೀಡಿ ಹಚ್ಚಿಕೊಂಡು ಹೋದ ಮೇಲೆ ಹೆಂಗಸರು ತಾರಸಿ ಹತ್ತಿ ಮೂಲೆಮೂಲೆಗೆ ನೀರು ಹಾಕುತ್ತಾರೆ. ಇಪ್ಪತ್ತೆರಡು ವರ್ಷ ಮುನಿಯಕ್ಕ ನೀರು ಸುರಿಯುತ್ತ, ಅದು ಎತ್ತ ಹೋಯಿತು, ಎಲ್ಲಿ ನಿಂತಿತು, ಎಲ್ಲಿ ಇಂಗಿತು ಎಂದು ನೋಡುತ್ತ ಬಂದಿದ್ದಳು. ಯಾವ ಮನೆಯ ಯಾವ ಮೂಲೆ ಮುಂದೊಂದು ದಿನ ಸೋರುತ್ತದೆ ಎಂಬುದು ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅದೇ ಆಷಾಢದಲ್ಲಿ ಒಂದು ಸಲ ಹೇಳಿದಳು. ಚಕ್ರಪಾಣಿಯವರ ಹೊಸ ಮಹಡಿಯ ಬಚ್ಚಲಿಗೆ ನೀರುಣಿಸುವಾಗ ನೋಡಿದರೆ ನೀರು ತೂಬಿನ ಕಡೆ ಹೋಗದೆ ಗೋಡೆಯ ಮೂಲೆಯಲ್ಲಿ ಮಡುಗಟ್ಟಿ ನಿಂತಿದೆ. ಟೈಲ್ಸ್ ಕೂರಿಸುವುದಕ್ಕೆ ಇನ್ನು ಎರಡು ದಿನ. ಬೋರಯ್ಯನನ್ನು ಬದಿಗೆ ಕರೆದು ಹೇಳಿದಳು. "ನಿನ್ ಕೆಲ್ಸ ನೀನ್ ನೋಡ್ಕೊ" ಎಂದು ಗದರಿದ. ಗದರಿದವನು ಮಾರನೆಯ ದಿನ ಯಾರೂ ಇಲ್ಲದಾಗ ಒಂದು ಬಕೆಟ್ ನೀರು ಚೆಲ್ಲಿ ನೋಡಿದ. ಮುಖ ಸಣ್ಣದಾಯಿತು. ತೆಪ್ಪಗೆ ನೆಲ ಒಡೆದು ಮತ್ತೆ ವಾಟ ಕೊಟ್ಟ. ದೊಡ್ಡಮೇಸ್ತ್ರಿ ಸಂಜೀವಯ್ಯ ಕೆಲಸ ನೋಡಲು ಬಂದವನು, "ಭಲೆ, ಟೈಲ್ಸ್ ಹಾಕೋಕ್ ಮುಂಚೆ ಯಾರು ನೋಡಿದ್ದು?" ಎಂದ. "ನಾನೇ" ಎಂದ ಬೋರಯ್ಯ. ಮುನಿಯಕ್ಕ ಬಾಂಡ್ಲಿ ಹೊತ್ತುಕೊಂಡು ಪಕ್ಕದಲ್ಲೇ ನಿಂತಿದ್ದಳು. ಗಂಡನ ಕಣ್ಣು ಅವಳ ಕಣ್ಣಿಗೆ ಸಿಗಲಿಲ್ಲ. ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಅದೂ ಒಳ್ಳೆಯ ಗಟ್ಟಿ ಸಿಟ್ಟು, ಕೆಲಸಕ್ಕೆ ಬರುವಂಥದ್ದು.

ಅಂದಿನಿಂದ ಅವಳು ಜಗಳ ನಿಲ್ಲಿಸಿದಳು. ಬೋರಯ್ಯ ಸಿಮೆಂಟು ಚೀಲದ ಕಾಗದ ಹರಿದು, ಅದರ ಮೇಲೆ ಇದ್ದಲಿನಲ್ಲಿ ಪೋರ್ಟಿಕೋ ಬರೆದ. ಮೊದಲು ಎರಡು ಕಂಬ, ಆಮೇಲೆ ಕಂಬದ ಮೇಲೊಂದು ಕಮಾನು, ಕಮಾನಿನ ಮೇಲೆ ಎರಡು ಗಿಣಿ. ಗಿಣಿಗಳು ಬಂದ ದಿನ ಹೊಸ ಗೋಡೆಗೆ ಕಿಟಕಿ ಬರೆಯುವುದೇ ಮರೆತುಹೋಗಿತ್ತು. ಮುನಿಯಕ್ಕ ಅದನ್ನೂ ಹೇಳಲಿಲ್ಲ. ಮುದ್ದೆ ಬಡಿಸಿ, ಸಾರು ಹಾಕಿ, "ಗಿಣಿ ಚೆಂದಾಗವೆ" ಎಂದಳು. ಬೋರಯ್ಯನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವನು ಒಳ್ಳೆಯ ಕೆಲಸಗಾರ, ಆದರೆ ಹೊಗಳಿದರೆ ಬುದ್ಧಿ ಕೈಬಿಡುವ ಜಾತಿ.

ಅವಳು ಕಾಯುತ್ತಿದ್ದುದು ಸಂಜೀವಯ್ಯನಿಗೆ. ಬೋರಯ್ಯನಿಗೆ ಕರಣೆ ಹಿಡಿಯಲು ಕಲಿಸಿದ ಗುರು ಆತ. ಉತ್ತರಹಳ್ಳಿಯವನು, ಎಪ್ಪತ್ತು ದಾಟಿದ್ದರೂ ಶಿಷ್ಯರ ಮನೆಯ ಪಾಯಕ್ಕೆ ಅಳತೆಯ ದಾರ ಕಟ್ಟಲು ತಾನೇ ಬರುತ್ತಿದ್ದ. ಅವನದೊಂದು ಪದ್ಧತಿ ಇತ್ತು. ದಾರ ಕಟ್ಟುವ ಮೊದಲು ಮನೆಯಾಕೆಯ ಕೈಯಲ್ಲಿ ಜಾಗಕ್ಕೆ ನೀರು ಬಿಡಿಸುತ್ತಿದ್ದ. ನೋಡುವವರಿಗೆ ಅದು ಪೂಜೆ. ಅವನಿಗೆ ಅದು ಕೆಲಸ. ನೀರು ಹರಿದ ಕಡೆ ನೋಡಿ ನೆಲದ ಏರುತಗ್ಗನ್ನು ಕಣ್ಣಲ್ಲೇ ಅಳೆದುಕೊಳ್ಳುತ್ತಿದ್ದ. ಈ ಗುಟ್ಟು ಶಿಷ್ಯರಿಗೆ ಗೊತ್ತಿತ್ತೋ ಇಲ್ಲವೋ, ಹತ್ತಾರು ಮನೆಗಳ ಗುದ್ದಲಿಪೂಜೆಯಲ್ಲಿ ಹಿಂದೆ ನಿಂತು ನೋಡಿದ್ದ ಮುನಿಯಕ್ಕನಿಗೆ ಗೊತ್ತಿತ್ತು. ಪದ್ಧತಿಗೆ ಒಂದು ಚೊಂಬು ನೀರು ಸಾಕು. ಪೂಜೆಯ ದಿನ ಬೆಳಿಗ್ಗೆ ಅವಳು ಬೀದಿ ನಲ್ಲಿಯಿಂದ ಮೂರು ಬಿಂದಿಗೆ ತಂದು ಸಾಲಾಗಿ ಇಟ್ಟಳು.

ಶ್ರಾವಣದ ಎರಡನೇ ಸೋಮವಾರ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬೋರಯ್ಯ ಒಗೆದ ಪಂಚೆ ಉಟ್ಟು, ಬೆಳಿಗ್ಗೆಯೇ ಸುಣ್ಣದ ಪುಡಿಯಲ್ಲಿ ಪೋರ್ಟಿಕೋ ಗೆರೆ ಎಳೆದಿದ್ದ. ಕಂಬ ನಿಲ್ಲುವ ಎರಡು ಜಾಗಕ್ಕೆ ಅರಿಶಿನ ಕುಂಕುಮ. ಟೀ ಅಂಗಡಿಯ ಗಿರಾಕಿಗಳು ಬೇವಿನ ಮರದ ಕೆಳಗೆ ಸೇರಿದ್ದರು. ಸಂಜೀವಯ್ಯ ಮುಂಡಾಸು ಸರಿಮಾಡಿಕೊಂಡು, ಸಿಮೆಂಟು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಇವೇನ್ಲಾ, ಕೋಳಿಗಳಾ?" ಎಂದ.

"ಗಿಣಿ, ದೊಡ್ಡಮೇಸ್ತ್ರಿ."

"ಸರಿ ಸರಿ. ಕಾಯಿ ಒಡಿ. ನೀರು ಬುಡವ್ವ ಮುನಿಯಕ್ಕ."

ಮುನಿಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳು ಸುಣ್ಣದ ಗೆರೆಯ ಕಡೆ ಹೋಗಲಿಲ್ಲ. ಒಂದು ಬಿಂದಿಗೆ ಸೊಂಟಕ್ಕೇರಿಸಿಕೊಂಡು, ತಾಡಪಾಲು ಸರಿಸಿ, ಮನೆಯೊಳಗಿನಿಂದ ಹಾದು ಹಿತ್ತಲಿಗೆ ನಡೆದಳು. "ಏ, ಅತ್ಲಾಗೆಲ್ಲಿಗೆ?" ಎಂದು ಬೋರಯ್ಯ ಕೂಗಿದ. "ಇದೂ ನಮ್ ಜಾಗ ಅಲ್ವಾ ಮಾವ? ಇಲ್ಲೇ ಬಚ್ಚಲು ಮಾಡ್ಕೊಡ್ತೀನಿ ಅಂದಿದ್ದಲ್ಲ, ಇದಕ್ಕೂ ನೀರು ಬುಡ್ಬೇಕು" ಎಂದಳು. ಪೂಜೆಯ ನೀರನ್ನು ಯಾರೂ ತಡೆಯುವ ಹಾಗಿಲ್ಲ. ಸಂಜೀವಯ್ಯ ಹಿಂದೆಯೇ ಬಂದ. ಅವನ ಹಿಂದೆ ಬೋರಯ್ಯ, ಬೋರಯ್ಯನ ಹಿಂದೆ ಟೀ ಅಂಗಡಿ.

ಅವಳು ಚಪ್ಪಡಿಕಲ್ಲಿನ ಮೇಲೆ ನಿಂತು ಇಡೀ ಬಿಂದಿಗೆ ಬಗ್ಗಿಸಿದಳು. ನೀರು ಒಂದು ಗಳಿಗೆ ಯೋಚಿಸಿದಂತೆ ನಿಂತು, ಆಮೇಲೆ ಹಿಂದಕ್ಕೆ ತಿರುಗಿ ನೇರವಾಗಿ ಕೆಂಪಕ್ಕನ ಗೋಡೆಯ ಬುಡಕ್ಕೆ ಹೋಯಿತು. ಎರಡನೆಯ ಬಿಂದಿಗೆಯನ್ನೂ ತಂದು ಸುರಿದಳು. ಗೋಡೆಯ ಆಚೆಯಿಂದ ಕೆಂಪಕ್ಕ ಎದ್ದು ಬಂದಳು. ಕೆಂಪಕ್ಕನ ಗಂಟಲು ಯಾವಾಗಲೂ ತಯಾರಿರುತ್ತಿತ್ತು.

"ಯಾವ್ ಮೂದೇವಿ ಅದು ನಮ್ ಗೋಡೆ ಬುಡಕ್ಕೆ ನೀರು ಬುಡೋದು? ನಿಮ್ ಗೋಡೆ ಬಿತ್ತು ಅಂತ ನಮ್ದೂ ಬೀಳುಸ್ತೀರಾ?"

"ಪೂಜೆ ಕಣಕ್ಕ" ಎಂದಳು ಮುನಿಯಕ್ಕ ಮೆಲ್ಲಗೆ. "ಇನ್ಮೇಲೆ ದಿನಾ ಬತ್ತದೆ."

"ಬಂದ್ರೆ ಪೊರಕೆ ತಗೊಂಡು ಬತ್ತೀನಿ!"

ಸಂಜೀವಯ್ಯ ಕೆಮ್ಮಿದ. ನಗು ತಡೆದುಕೊಳ್ಳುವುದಕ್ಕೆ ಅವನು ಕೆಮ್ಮುವುದು. ಬೋರಯ್ಯನ ಕಿವಿ ಕೆಂಪಗಾಗಿತ್ತು. "ಮಣ್ಣು ತುಂಬಿ ಎತ್ತರ ಮಾಡ್ತೀನಿ ದೊಡ್ಡಮೇಸ್ತ್ರಿ. ಒಂದೂವರೆ ಅಡಿ ಎತ್ತಿದ್ರೆ ನೀರು ಮುಂದಕ್ಕೆ ತಿರುಗ್ತದೆ" ಎಂದ.

"ಎತ್ತು ಮಾವ" ಎಂದಳು ಮುನಿಯಕ್ಕ. "ದೊಡ್ಡಮೇಸ್ತ್ರಿ, ನೀವೊಂದ್ಸಲ ಆ ಸೂರಿನ ಕೆಳಗೆ ನಿಂತ್ಕೊಂಡು ನೋಡಿ."

ಹಿತ್ತಲ ಕಡೆ ಹೆಂಚಿನ ಸೂರು ಬಚ್ಚಲು ಬರುವ ಜಾಗದವರೆಗೂ ಇಳಿದು ಬಂದಿತ್ತು. ಸಂಜೀವಯ್ಯ ಎರಡು ಹೆಜ್ಜೆ ಇಟ್ಟನೋ ಇಲ್ಲವೋ ಹೆಂಚಿನ ಅಂಚು ತಗುಲಿ ಮುಂಡಾಸು ಕೆಳಗೆ ಬಿತ್ತು. ಈಗಲೇ ಬಗ್ಗಿ ನಿಲ್ಲಬೇಕು. ಇನ್ನು ಒಂದೂವರೆ ಅಡಿ ನೆಲ ಎದ್ದರೆ ಅಲ್ಲಿ ಮೀಯುವವರು ಕೋಳಿಗಳೇ ಆಗಬೇಕು. ಸಂಜೀವಯ್ಯ ಮುಂಡಾಸನ್ನು ಕೊಡವಿ ಮತ್ತೆ ಸುತ್ತಿಕೊಂಡ. "ಮುಂದ್ಕಡೆ ನೀರು ಬುಡವ್ವ" ಎಂದಷ್ಟೇ ಹೇಳಿದ.

ಎಲ್ಲರೂ ಮತ್ತೆ ಬೀದಿಬಾಗಿಲಿಗೆ ಬಂದರು. ಮುನಿಯಕ್ಕ ಮೂರನೆಯ ಬಿಂದಿಗೆಯನ್ನು ಎಡಗಡೆಯ ಮೂಲೆಯಲ್ಲಿ, ಬೋರಯ್ಯ ಕಂಬಕ್ಕೆಂದು ಅರಿಶಿನ ಕುಂಕುಮ ಇಟ್ಟಿದ್ದ ಜಾಗಕ್ಕೆ ಸುರಿದಳು. ನೀರು ಸುಣ್ಣದ ಗೆರೆಯನ್ನು ಅಳಿಸಿಕೊಂಡು, ಕುಂಕುಮವನ್ನು ಹೊತ್ತುಕೊಂಡು, ಅತ್ತಿತ್ತ ನೋಡದೆ ಹೋಗಿ ಮೋರಿಗೆ ಬಿತ್ತು. ಹಿಂದೆ ಒಂದು ಹನಿ ನಿಲ್ಲಲಿಲ್ಲ. ಬೇವಿನ ಮರದ ಕೆಳಗಿದ್ದವರಲ್ಲಿ ಯಾರೋ ಶಿಳ್ಳೆ ಹಾಕಿದರು.

ಸಂಜೀವಯ್ಯ ಮೋರಿಯವರೆಗೆ ನಡೆದು ನೋಡಿ, ತಿರುಗಿ ಬಂದು, ಮುನಿಯಕ್ಕನನ್ನು ಮೇಲಿಂದ ಕೆಳಗೆ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಅವನು ನೋಡಿದ್ದು ಅದೇ ಮೊದಲು ಎನ್ನಬೇಕು. ಅಲ್ಲಿಯವರೆಗೆ ನೋಡಿದ್ದು ಬಾಂಡ್ಲಿಯನ್ನು.

"ಬಚ್ಚಲು ಯಾರಿಗವ್ವ? ಮಗಳ ಬಾಣಂತನಕ್ಕಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮಗಳ ಹೆಸರು ಹೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ನೀರು ಹೋದ ದಾರಿ ನೋಡಿದ ಮೇಲೆ ಮುನಿಯಕ್ಕನಿಗೆ ಸುತ್ತುಬಳಸಿ ಹೇಳುವ ಮನಸ್ಸೇ ಬರಲಿಲ್ಲ.

"ನಂಗೆ" ಎಂದಳು. "ನಂಗ್ ಬೇಕು ದೊಡ್ಡಮೇಸ್ತ್ರಿ. ಮಗಳು ಮೂರು ತಿಂಗಳಿದ್ದು ಹೋಯ್ತಾಳೆ. ನಾನು ಜಯನಗರಕ್ಕೆಲ್ಲ ಬಚ್ಚಲು ಹೊತ್ತು ಹಾಕಿವ್ನಿ. ಒಂದ್ ದಿನಾನೂ ಬೆಳಕಲ್ಲಿ ಮಿಂದಿಲ್ಲ. ಸಿಮೆಂಟು ಮೈಮೇಲೇ ಒಣಗ್ತದೆ. ಕೋಳಿ ಕೂಗೋಕ್ ಮುಂಚೆ ಕತ್ಲಲ್ಲಿ ಎದ್ದು, ಹಾವು ಚೇಳು ಅಂತ ಹೆದರ್ಕೊಂಡು ಮೀಯ್ತೀನಿ. ನಂಗೆ ಸಾಕಾಗೈತೆ."

ಗಂಡಸರಲ್ಲಿ ಕೆಲವರು ತಮ್ಮ ತಮ್ಮ ಕಾಲು ನೋಡಿಕೊಂಡರು. ಅವರವರ ಮನೆಯ ಹಿತ್ತಲಲ್ಲೂ ಒಂದೊಂದು ತಾಟು ನೇತಾಡುತ್ತಿತ್ತಲ್ಲ. ಯಲ್ಲಮ್ಮ ಹೊಸ್ತಿಲ ಬಳಿ ಕುಳಿತಿದ್ದಳು. ಲಕ್ಷ್ಮಿಯ ಮಾತು ಎತ್ತುತ್ತಾಳೆ ಎಂದು ಮುನಿಯಕ್ಕ ಕಾದಳು. ಮುದುಕಿಯದೂ ಎಪ್ಪತ್ತೈದು ವರ್ಷ ಕತ್ತಲಲ್ಲೇ ಮಿಂದ ಮೈ.

"ಲಕ್ಷ್ಮೀನೂ ಮಿಂದ್ಕೊಂಡೇ ಒಳಕ್ಕೆ ಬರ್ಲಿ ಬುಡ್ಲಾ ಬೋರ" ಎಂದಳು ಯಲ್ಲಮ್ಮ.

ಬೇವಿನ ಮರದ ಕೆಳಗಿನಿಂದ ನಗು ಎದ್ದಿತು. ಬೋರಯ್ಯ ನಗಲಿಲ್ಲ. ಅವನು ಅಳಿಸಿಹೋದ ಸುಣ್ಣದ ಗೆರೆಯನ್ನೇ ನೋಡುತ್ತಿದ್ದ. ಮುನಿಯಕ್ಕನಿಗೆ ಒಂದು ಗಳಿಗೆ ಪಾಪ ಎನಿಸಿತು, ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೋರಯ್ಯ ಸಂಜೀವಯ್ಯನ ಮುಂದೆ ಹೋಗಿ ನಿಂತ. ಟೀ ಅಂಗಡಿಯ ಕಡೆ ಬೆನ್ನು ಮಾಡಿ ಹೇಳಬಹುದಿತ್ತು. ಹಾಗೆ ಮಾಡಲಿಲ್ಲ.

"ದೊಡ್ಡಮೇಸ್ತ್ರಿ, ಅವತ್ತು ಚಕ್ರಪಾಣಿಯೋರ ಮನೇಲಿ ವಾಟ ತಪ್ಪೈತೆ ಅಂತ ಕಂಡ್ಹಿಡಿದಿದ್ದು ನಾನಲ್ಲ. ಇವಳೇ. ನಾನು ಬೈದು ಕಳ್ಸಿದ್ದೆ. ಆಮೇಲೆ ನಂದು ಅಂತ ಹೇಳ್ಕೊಂಡೆ."

ಸಂಜೀವಯ್ಯ ಈ ಸಲ ಕೆಮ್ಮಲಿಲ್ಲ. ಚೀಲದಿಂದ ದಾರದ ಉಂಡೆ ತೆಗೆದ. ಪಾಯದ ದಾರವನ್ನು ಹೆಂಗಸರು ಮುಟ್ಟುವ ಪದ್ಧತಿ ಸಾರಕ್ಕಿಯಲ್ಲೂ ಇರಲಿಲ್ಲ, ಉತ್ತರಹಳ್ಳಿಯಲ್ಲೂ ಇರಲಿಲ್ಲ. ಅದರ ತುದಿಯನ್ನು ಅವನು ಮುನಿಯಕ್ಕನ ಕೈಗೆ ಕೊಟ್ಟ. "ಹಿಡಿಯವ್ವ. ಎಷ್ಟುದ್ದ ಬೇಕೋ ನೀನೇ ಹೇಳು" ಎಂದ.

ಅವಳಿಗೆ ಅಡಿಗೋಲು ಬೇಕಿರಲಿಲ್ಲ. ಅಷ್ಟುದ್ದ ಎಂದು ಸರಸರನೆ ನಡೆದಳು, ಇಷ್ಟಗಲ ಎಂದು ತಿರುಗಿದಳು. ಇಲ್ಲಿ ಹಂಡೆ, ಹೊಗೆ ಹೋಗುವ ಗೂಡು ಬೀದಿಗೆ ಬೇಡ, ಇತ್ತ ಇರಲಿ. ಇಲ್ಲಿ ಸೀಗೆಪುಡಿ ಇಡಲು ಗೋಡೆಯಲ್ಲೊಂದು ಮಾಡ. ಇಲ್ಲಿ ಕಿಟಕಿ, ತಲೆಗಿಂತ ಒಂದು ಮೊಳ ಮೇಲೆ, ಬೆಳಕು ಒಳಗೆ ಬರಬೇಕು, ಹೊರಗಿನವರ ಕಣ್ಣು ಬರಬಾರದು. ಇಲ್ಲಿ ಕೂತು ಮೀಯುವ ಕಲ್ಲು, ಅಜ್ಜಿಗೆ ಬಗ್ಗಲು ಆಗುವುದಿಲ್ಲ. ವಾಟ ಈ ಕಡೆ. ಎಷ್ಟು ಸಲ ಬಾಂಡ್ಲಿ ಹೊತ್ತು ನಡೆದಿದ್ದಳೋ ಅಷ್ಟು ಸಲವೂ ಬೇರೆಯವರ ಬಚ್ಚಲಿನಲ್ಲಿ ತನ್ನದೊಂದನ್ನು ಕಟ್ಟಿಕೊಂಡಿದ್ದಳು. ಹೇಳುವುದಕ್ಕೆ ತಡವರಿಸಬೇಕಾದ ಕಾರಣವೇ ಇರಲಿಲ್ಲ. ಅವಳು ಹೇಳಿದ ಕಡೆಯೆಲ್ಲ ಬೋರಯ್ಯ ಗೂಟ ಹೊಡೆದ. ಕೊನೆಯ ಗೂಟ ಹೊಡೆದು ಎದ್ದವನು, "ಚಿಲಕ ಹಿತ್ತಾಳೆದು ಹಾಕ್ತೀನಿ" ಎಂದ. ಅವನ ಭಾಷೆಯಲ್ಲಿ ಅದಕ್ಕಿಂತ ದೊಡ್ಡ ಕ್ಷಮಾಪಣೆ ಇರಲಿಲ್ಲ.

ಮೊದಲು ಮುಂದಿನ ಗೋಡೆ ಎದ್ದಿತು, ಅದಕ್ಕೆ ಕಿಟಕಿಯೂ ಬಂತು. ಆಮೇಲೆ ಬಚ್ಚಲು. ಕಂಬಗಳನ್ನು ಏನು ಮಾಡುವುದೆಂದು ಬೋರಯ್ಯ ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಬಚ್ಚಲಿನ ಬಾಗಿಲಿನ ಎರಡು ಕಡೆ ನಿಲ್ಲಿಸಿ, ಮೇಲೊಂದು ಪುಟ್ಟ ಚಾವಣಿ ಇಳಿಸಿದ. ಗಿಣಿಗಳೂ ಬಂದವು, ಗಾರೆಯಲ್ಲೇ. ಕೆಲಸ ಮುಗಿಯುವ ಮೊದಲೇ, ಬಿಟಿಎಂ ಲೇಔಟಿನ ಸೈಟು ನೋಡಲು ಹೊರಟು ದಾರಿ ತಪ್ಪಿ ಬಂದ ಯಾರೋ ದೊಡ್ಡ ಮನುಷ್ಯರು ಸ್ಕೂಟರ್ ನಿಲ್ಲಿಸಿ, ಚಪ್ಪಲಿ ಬಿಟ್ಟು, ಬಚ್ಚಲಿಗೆ ಕೈಮುಗಿದರು. ಯಾವ ಅಮ್ಮನವರು ಎಂದು ಕೇಳಿದ್ದಕ್ಕೆ ಯಲ್ಲಮ್ಮ ಗಂಭೀರವಾಗಿ "ಗಂಗಮ್ಮ" ಎಂದಳು. ಅವರು ಹುಂಡಿ ಎಲ್ಲಿ ಎಂದು ಹುಡುಕುವ ಮೊದಲು ಬೋರಯ್ಯ ಬಂದು ನಿಜ ಹೇಳಬೇಕಾಯಿತು. ಅಷ್ಟರಲ್ಲಿ ಅದೇ ಬೀದಿಯ ಮೂರು ಮನೆಯವರು ಬಂದು, ತಮಗೂ ಮುಂದೆಯೇ ಬಚ್ಚಲು ಬೇಕೆಂದು ಹೇಳಿ ಹೋಗಿದ್ದರು. ಬಂದವರು ಗಂಡಸರೇ, ಕಳಿಸಿದವರು ಯಾರೆಂದು ಹೇಳಬೇಕಾಗಿಲ್ಲ. ಎಲ್ಲರಿಗೂ ಬೋರಯ್ಯನ ಉತ್ತರ ಒಂದೇ, "ನಮ್ಮೋಳು ಬಂದು ಜಾಗ ನೋಡ್ತಾಳೆ. ಆಮೇಲೆ ಮಾತು."

ಕೊನೆಗೊಂದು ಭಾನುವಾರ ಬಾಗಿಲು ಕೂತಿತು. ಹಿತ್ತಾಳೆ ಚಿಲಕ. ಬೋರಯ್ಯ ಟವೆಲು ಹೆಗಲಿಗೆ ಹಾಕಿಕೊಂಡು, ಮೇ‌ಸ್ತ್ರಿ ಮೊದಲು ಮೀಯಬೇಕಾದ್ದು ನ್ಯಾಯ ಎಂಬ ಹಾಗೆ ಬಂದ. ಮುನಿಯಕ್ಕ ಹಂಡೆಗೆ ಉರಿ ಹಾಕಿ ಎದ್ದವಳು ಅವನನ್ನು ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊತ್ತು ಮಟಮಟ ಮಧ್ಯಾಹ್ನ. ಚಿಲಕ ಬಿದ್ದ ಸದ್ದು ಬೀದಿಗೆಲ್ಲ ಕೇಳಿಸಿತು.

ಮೇಲಿನ ಕಿಟಕಿಯಿಂದ ಬಿಸಿಲು ಚೌಕವಾಗಿ ಗೋಡೆಗೆ ಬಿದ್ದಿತ್ತು. ಸೀರೆ ಬಿಚ್ಚಿ ಮೂಲೆಗಿಟ್ಟಳು. ಯಾರೂ ಬರುವುದಿಲ್ಲ. ಒಂದು ಸಲ ಬಾಗಿಲು ನೋಡಿದಳು. ಮತ್ತೆ ನೋಡಿಕೊಳ್ಳಬೇಕಾದ ಅಗತ್ಯ ಬರಲಿಲ್ಲ. ಮೊದಲನೆಯ ಚೊಂಬು ತಲೆಯ ಮೇಲೆ ಸುರಿದುಕೊಂಡಾಗ ಅವಳಿಗೆ ತಿಳಿಯದೆಯೇ ಆಹಾ ಎಂಬ ಉದ್ಗಾರ ಹೊರಟಿತು, ಅದೂ ಗಟ್ಟಿಯಾಗಿ. ಕೂತಳು. ಕಾಲು ನೀಡಿದಳು. ಆಮೇಲೆ ತನ್ನ ಮೈಯನ್ನು ತಾನು ನೋಡಿಕೊಂಡಳು.

ಮದುವೆಯಾದಂದಿನಿಂದ ಕತ್ತಲಲ್ಲಿ ಮಿಂದವಳಿಗೆ ತನ್ನ ಮೈ ಹೀಗಿದೆ ಎಂದು ಗೊತ್ತೇ ಇರಲಿಲ್ಲ. ಹೆಗಲು ಗಂಡಸಿನ ಹೆಗಲಿನಷ್ಟು ಗಟ್ಟಿಯಾಗಿತ್ತು. ಮೊಣಕಾಲಿನ ಮೇಲೆ ಏಣಿಯಿಂದ ಜಾರಿದಾಗಿನ ಗಾಯದ ಬಿಳಿಗೆರೆ. ಹೊಟ್ಟೆಯ ಮೇಲೆ ಮಂಗಮ್ಮನನ್ನು ಹೊತ್ತ ಗುರುತು. ಪಾದದ ಬಿರುಕುಗಳಲ್ಲಿ ಸಿಮೆಂಟು. ಮೊಣಕೈಯ ಒಳಗಡೆ ಒಂದು ಮಚ್ಚೆ, ಸಣ್ಣದು, ಎಳ್ಳಿನಷ್ಟು. ಅದು ಯಾವತ್ತಿನಿಂದ ಅಲ್ಲಿತ್ತೋ. ಅವಳು ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು, ಹೋಗಲಿಲ್ಲ. ತನ್ನದೇ. ಮುನಿಯಕ್ಕನಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ, ಯಾರು ನೋಡುತ್ತಾರೆ ಎಂದು ಇನ್ನೊಂದು ಚೊಂಬು ಸುರಿದುಕೊಂಡಳು.

ಬೋರಯ್ಯ ಬಾಗಿಲು ತಟ್ಟಿದ. "ಏ ಮುನಿ, ಅರ್ಧ ಗಂಟೆ ಆಯ್ತು ಕಣಮ್ಮಿ. ಬೀದಿ ಜನ ಎಲ್ಲ ನಿಂತವ್ರೆ, ನೋಡ್ಬೇಕಂತೆ. ಬತ್ತೀಯೋ ಇಲ್ವೋ?"

ಅವನ ಹಿಂದಿನಿಂದ ಯಲ್ಲಮ್ಮ "ನೀನ್ ಸುಮ್ಕಿರ್ಲಾ, ಅವಳಾದ್ಮೇಲೆ ನಾನು" ಎಂದು ಗದರುತ್ತಿದ್ದಳು.

ಮುನಿಯಕ್ಕ ಹಂಡೆಯ ಮುಚ್ಚಳ ತೆಗೆದು ನೋಡಿದಳು. ಇನ್ನೂ ಅರ್ಧದಷ್ಟು ನೀರಿತ್ತು.

"ನಿಂತಿರ್ಲಿ ಮಾವ" ಎಂದಳು. "ನಾನಿನ್ನೂ ಬೆನ್ನು ಉಜ್ಕೊಂಡಿಲ್ಲ."